ಹೊಸಬರಿಗೆ ಸ್ವಾಗತ, ಜೊತೆಗೆ ಮೊದಲನೇ ವರ್ಷದ ವಿಷಯ

ಈ ತಿಂಗಳು, ಸೈನ್ಯದಿಂದ ಬಂದು ಬೇಸಾಯಕ್ಕೆ ಇಳಿಯೋರಿಗೆ ನೆರವಾಗೋ ನಮ್ಮ ಟ್ರಸ್ಟಿಗೆ ಆರು ಜನ ಹೊಸಬರು ಬಂದ್ರು. ಮೂರು ಜನ ಸಂಬಳದ ಕೆಲಸಕ್ಕೆ, ಮೂರು ಜನ ಬೋರ್ಡಿಗೆ. ಒಂದೇ ಸಲಕ್ಕೆ ಇಷ್ಟು ಜನ ಸೇರ್ಕೊಂಡಿದ್ದು ಇದೇ ಮೊದಲು, ನಂಗಂತೂ ತುಂಬಾ ಖುಷಿ ಆಗಿದೆ, ಯಾಕಂದ್ರೆ ಇಷ್ಟು ದಿನ ಫೋನ್ ಎತ್ತೋದು, ತಾಲ್ಲೂಕು ಆಫೀಸಿಗೆ ಓಡೋದು, ಗದ್ದೆ ನೋಡೋಕೆ ಹೋಗೋದು, ರಾತ್ರಿ ಕೂತ್ಕೊಂಡು ಲೆಕ್ಕ ಬರೆಯೋದು ಎಲ್ಲಾ ಅದೇ ನಾಲ್ಕು ಜನರ ತಲೆ ಮೇಲಿತ್ತು. ಹೆಸರು ಹಾಕ್ಲಾ ಅಂತ ಕೇಳಿದ್ದಕ್ಕೆ ಎಲ್ರೂ ಬೇಡ ಅಂದ್ರು, ಹಂಗಾಗಿ ಯಾರು ಯಾವ ಕೆಲಸಕ್ಕೆ ಅಂತಷ್ಟೇ ಹೇಳ್ತೀನಿ.

ಫೀಲ್ಡ್ ಕೆಲಸಕ್ಕೆ ಶ್ರೀರಂಗಪಟ್ಟಣ ಕಡೆ ಹುಡುಗಿ, ಬಿಎಸ್ಸಿ ಅಗ್ರಿ ಓದಿದಾಳೆ, ಅವರಪ್ಪಂದೂ ನಾಲೆ ಬಯಲಲ್ಲೇ ಗದ್ದೆ. ಲೆಕ್ಕಪತ್ರಕ್ಕೆ ನಮ್ಮ ಮದ್ದೂರಿನ ತಮ್ಮ, ಹಿಂದೆ ಸೊಸೈಟೀಲಿ ಕೆಲಸ ಮಾಡಿದವನು. ಮೆಷಿನ್ನು, ಗಾಡಿ, ಸಾಗಾಣಿಕೆಗೆ ಕೆ.ಆರ್.ಪೇಟೆಯ ಸೈನ್ಯದಿಂದ ರಿಟೈರ್ ಆದ ಒಬ್ರು ನಾಯಕ್, ಸೈನ್ಯದ ಮೆಷಿನ್ನು ಗಾಡಿ ರಿಪೇರಿ ಮಾಡೋ ಇಎಂಇ ವಿಭಾಗದಲ್ಲಿ ಮೆಕ್ಯಾನಿಕ್ ಆಗಿದ್ದೋರು, ಬಂದ ವಾರದಲ್ಲೇ ನಮ್ಮ ಹಳೇ ಪವರ್ ಟಿಲ್ಲರ್ ಬಿಚ್ಚಿ ಹರವ್ಕೊಂಡು ಕೂತಿದ್ರು. ಬೋರ್ಡಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಿಂದ ರಿಟೈರ್ ಆಗಿ ಮೈಸೂರಲ್ಲಿರೋ ಮೇಜರ್ ಮೇಡಂ, ರಾಗಿ ಕಬ್ಬಿನ ಮೇಲೆ ಜೀವಮಾನ ಕಳೆದಿರೋ ಕೃಷಿ ವಿಜ್ಞಾನಿ ಮೇಷ್ಟ್ರು, ಆಮೇಲೆ ಮಳವಳ್ಳಿ ತಾಲ್ಲೂಕಿನ ಒಬ್ರು ಅಕ್ಕ. ಅಕ್ಕನ ಯಜಮಾನ್ರು ಸೈನ್ಯದ ಸರ್ವಿಸಲ್ಲಿದ್ದಾಗಲೇ ತೀರ್ಕೊಂಡ್ರು, ಅವತ್ತಿಂದ ಎರಡು ಮಕ್ಕಳನ್ನೂ ಜಮೀನನ್ನೂ ಅವರೇ ನೋಡ್ಕೊಂಡು ಬಂದಿದಾರೆ. ನಮ್ಮ ಬೋರ್ಡಲ್ಲಿ ಸ್ವಂತ ಕೈಯಲ್ಲಿ ನಾಟಿ ಹಾಕೋ ಹೆಂಗಸು ಒಬ್ರಿರ್ಬೇಕು ಅಂತ ನಾನು ತುಂಬಾ ದಿನದಿಂದ ಹಠ ಹಿಡಿದಿದ್ದೆ, ಈಗ ಆಯ್ತು.

ಗೊತ್ತಿಲ್ದೋರಿಗೆ ಎರಡೇ ಮಾತಲ್ಲಿ ಹೇಳ್ಬೇಕು ಅಂದ್ರೆ, ಸೈನ್ಯದಿಂದ ಊರಿಗೆ ಬಂದು ಬೇಸಾಯಕ್ಕೆ ಇಳಿಯೋರ ಜೊತೆ ನಾವು ನಿಲ್ತೀವಿ. ಪಹಣಿ ಸರಿ ಮಾಡಿಸೋದು, ಯಾವ ಬೆಳೆ ಅಂತ ಕೂತು ಮಾತಾಡೋದು, ಮೆಷಿನ್ ಬಾಡಿಗೆಗೆ ಕೊಡೋದು, ಬೆಳೆದಿದ್ದನ್ನ ಮಾರೋಕೆ ಜೊತೆಗೆ ಹೋಗೋದು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ ಇಷ್ಟು ತಾಲ್ಲೂಕು. ನಮ್ಮ ಯಜಮಾನ್ರೂ ಹವಾಲ್ದಾರ್ ಆಗಿ ರಿಟೈರ್ ಆದೋರೇ. ನಾನು ಟ್ರಸ್ಟಿನ ಕಾರ್ಯದರ್ಶಿ ಕೆಲಸ ಮಾಡ್ತೀನಿ.

ಸ್ವಾಗತದ ದಿನ ಹಾರ, ಶಾಲು, ಭಾಷಣ ಎಲ್ಲಾ ಆಯ್ತು. ನಂಗೆ ಹೇಳ್ಬೇಕಾಗಿದ್ದ ಮಾತು ಮಾತ್ರ ಅಲ್ಲಿ ಹೇಳೋಕೆ ಆಗ್ಲಿಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ನಮ್ಮ ಕಡೆ ಹುಡುಗ್ರು ಪಿಯುಸಿ ಮುಗಿಸಿ ಹದಿನೆಂಟು ಹತ್ತೊಂಬತ್ತಕ್ಕೆ ಭರ್ತಿ ಆಗ್ತಾರೆ. 2022ಕ್ಕೆ ಮುಂಚೆ ಸಿಪಾಯಿ ಆಗಿ ಸೇರಿದೋನಿಗೆ 15 ವರ್ಷ ಸರ್ವಿಸ್ ಆದ್ರೆ ಪಿನ್ಶನ್ ಸಿಗುತ್ತೆ, ಹಂಗಾಗಿ ಬಹಳ ಜನ ಮೂವತ್ತೈದು ನಲವತ್ತರ ಒಳಗೇ ಊರಿಗೆ ವಾಪಸ್ ಬಂದ್ಬಿಡ್ತಾರೆ. ಮಕ್ಕಳು ಇನ್ನೂ ಸ್ಕೂಲಲ್ಲಿರ್ತವೆ, ದುಡಿಯೋ ವಯಸ್ಸು ಪೂರ್ತಿ ಮುಂದೆ ಇರುತ್ತೆ. ಊರವರೆಲ್ಲ ಏನಂತಾರೆ ಅಂದ್ರೆ, "ಅವ್ನಿಗೇನಪ್ಪಾ, ಮಂಡ್ಯದ್ ರೈತನ್ ಮಗ, ಜಮೀನಿದೆ, ಪಿನ್ಶನ್ ಬತ್ತದೆ, ರಾಜನಂಗವ್ನೆ." ಆದ್ರೆ ಅವನಿಗೆ ಬೇಸಾಯ ಬರಲ್ಲ ಕಣ್ರೀ. ಎಲ್ಲಿಂದ ಬರ್ಬೇಕು? ಊರು ಬಿಡೋ ಮುಂಚೆ ಅಪ್ಪ ಹೇಳಿದ ಕಡೆ ನೇಗಿಲು ಹಿಡಿದಿದ್ದು, ರಜಕ್ಕೆ ಬಂದಾಗ ಒಂದೆರಡು ದಿನ ಗದ್ದೆ ಬದಿ ಮೇಲೆ ಓಡಾಡಿದ್ದು ಅಷ್ಟೇ. ರಾಜಸ್ಥಾನದಲ್ಲೋ ಅರುಣಾಚಲದಲ್ಲೋ ಇದ್ದ ಅಷ್ಟು ವರ್ಷದಲ್ಲಿ ಇಲ್ಲಿ ತಳಿ ಬದಲಾಗಿದೆ, ಕೂಲಿ ಬದಲಾಗಿದೆ, ನೀರು ಬಿಡೋ ರೀತಿ ಬದಲಾಗಿದೆ, ಜೊತೇಲಿ ಆಡಿದವರು ಬೆಂಗಳೂರು ಸೇರಿದಾರೆ. ಬರಲ್ಲ ಅಂತ ಬಾಯಿಬಿಟ್ಟು ಹೇಳೋಕೂ ಅವನಿಗೆ ಆಗಲ್ಲ, ಕೈ ಕೆಳಗೆ ಹತ್ತು ಜನ ಜವಾನರನ್ನ ನಡೆಸಿದ ಮನುಷ್ಯ, ಊರ ಮುಂದೆ ಹೆಂಗೆ ಹೇಳ್ತಾನೆ?

ಅದೇ ಹೊತ್ತಿಗೆ ಅವನ ಅಕೌಂಟಿಗೆ ಜೀವಮಾನದಲ್ಲಿ ಒಂದೇ ಸಲ ಬರೋ ದುಡ್ಡು ಬಂದಿರುತ್ತೆ. ಗ್ರಾಚ್ಯುಟಿ, ಫಂಡು, ಗ್ರೂಪ್ ಇನ್ಶೂರೆನ್ಸ್ ಮೆಚ್ಯುರಿಟಿ, ಉಳಿಸ್ಕೊಂಡ ರಜೆಯ ದುಡ್ಡು, ಕಮ್ಯುಟೇಶನ್. ಈ ಕಮ್ಯುಟೇಶನ್ ವಿಷಯ ನಮ್ಮ ಲೆಕ್ಕದ ತಮ್ಮ ಚೆನ್ನಾಗಿ ಅರ್ಥ ಮಾಡ್ಕೋಬೇಕು. ಸೈನ್ಯದವರು ಪಿನ್ಶನ್ನಿನ ಅರ್ಧದವರೆಗೂ ಮುಂಗಡವಾಗಿ ತಗೋಬಹುದು, ತಗೊಂಡ್ರೆ ಆ ಭಾಗ 15 ವರ್ಷ ತಿಂಗಳು ತಿಂಗಳು ಕಟ್ ಆಗ್ತಾ ಹೋಗುತ್ತೆ, ಆಮೇಲೇನೇ ಪೂರ್ತಿ ಪಿನ್ಶನ್ ವಾಪಸ್ ಬರೋದು. ಅಂದ್ರೆ ಆ ಗಂಟು ಯಾರೋ ಕೊಟ್ಟ ಇನಾಮಲ್ಲ, ಅವನದೇ ಮುಂದಿನ 15 ವರ್ಷದ ಅನ್ನ.

ಆ ಅನ್ನ ಮೊದಲ ವರ್ಷದಲ್ಲೇ ಮಣ್ಣಿಗೆ ಹೋಗೋದನ್ನ ನಾನು ಎಷ್ಟೋ ಮನೇಲಿ ನೋಡಿದೀನಿ. ಬೋರ್ ಕೊರೆಸ್ತಾರೆ, ನೀರು ಬರಲ್ಲ, ಇನ್ನೊಂದು ಕೊರೆಸ್ತಾರೆ. ಒಂದೂವರೆ ಎಕರೆ ಇರೋರು ಹೊಸ ಟ್ರಾಕ್ಟರ್ ತಗೋತಾರೆ, ಬಾಡಿಗೆಗೆ ಓಡಿಸ್ತೀನಿ ಅಂತ, ಊರಲ್ಲಿ ಆಗಲೇ ಐದಾರು ಟ್ರಾಕ್ಟರ್ ಬಾಡಿಗೆ ಇಲ್ದೆ ನಿಂತಿರ್ತವೆ. ಬಾಮೈದ ಬಂದು ಹಸು ಫಾರಂ ಅಂತಾನೆ, ಚಿಕ್ಕಪ್ಪನ ಮಗ ಬಂದು ಸೈಟು ಅಂತಾನೆ. ಎಲ್ಲಕ್ಕಿಂತ ಹೆಚ್ಚು ಭಯ ಸಬ್ಸಿಡಿದು. ಕೇಂದ್ರದ ಜಾನುವಾರು ಮಿಷನ್ನಲ್ಲಿ ಕುರಿ ಘಟಕಕ್ಕೆ ಅರ್ಧ ಸಬ್ಸಿಡಿ ಇದೆ ನಿಜ, ಆದ್ರೆ ಅದರಲ್ಲಿ ಚಿಕ್ಕ ಘಟಕ ಅಂದ್ರೇನೇ 100 ಕುರಿ 5 ಟಗರು. ಒಂದು ಕುರೀನೂ ಸಾಕದೇ ಇರೋ ಮನುಷ್ಯ ನೂರರಿಂದ ಶುರು ಮಾಡಿದ್ರೆ ಏನಾಗುತ್ತೆ? ಬಂಡೂರು ಕುರಿ ಹುಟ್ಟಿದ ಸೀಮೆ ನಮ್ಮದು, ಇಲ್ಲಿ ತಲೆತಲಾಂತರದಿಂದ ಕುರಿ ಕಾಯ್ದವರೇ ಒಂದು ಮಳೆಗಾಲದಲ್ಲಿ ಅರ್ಧ ಮಂದೆ ಕಳ್ಕೋತಾರೆ.

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುಪಾಡು ಇದೆ, ಹೊಸಬರೆಲ್ಲ ದಯವಿಟ್ಟು ಇದನ್ನ ಕಾಪಾಡಿ. ಊರಿಗೆ ಬಂದ ಮೊದಲ ವರ್ಷ ಆ ಗಂಟಿಗೆ ಕೈ ಹಾಕಿಸ್ಬಾರ್ದು. ಇರೋ ಜಮೀನಲ್ಲಿ, ಇರೋ ನೀರಲ್ಲಿ, ಒಂದು ಬೆಳೆ ಒಟ್ಲು ಹಾಕೋದ್ರಿಂದ ಹಿಡಿದು ಮಾರಿ ದುಡ್ಡು ಕೈಗೆ ಬರೋವರೆಗೂ ಅವನು ಮುಂದೆ ನಿಂತು ಮಾಡ್ಬೇಕು, ನಾವು ಜೊತೇಲಿರ್ಬೇಕು. ಅದಾದ್ಮೇಲೆ ಬೋರ್ ಬೇಕಾ ಟ್ರಾಕ್ಟರ್ ಬೇಕಾ ಅಂತ ಅವನಿಗೇ ಗೊತ್ತಾಗುತ್ತೆ. ಫೀಲ್ಡಿಗೆ ಬಂದಿರೋ ಹುಡುಗಿಗೆ ನಂದೊಂದು ಮಾತು, ನೀನು ಓದಿರೋಳು, ಸ್ಕೀಮೆಲ್ಲ ಬಾಯಲ್ಲೇ ಇದೆ, ಆದ್ರೆ ಮೊದಲ ಭೇಟೀಲಿ ಸ್ಕೀಮಿನ ಮಾತು ಎತ್ತಬೇಡಮ್ಮ. ಅವನು "ಏನ್ ಸೌಲಭ್ಯ ಇದೆ" ಅಂತ ಕೇಳೇ ಕೇಳ್ತಾನೆ, ಆಗ ಗದ್ದೆ ಹತ್ರ ಹೋಗಿ ಬರೋಣ ಬನ್ನಿ ಸರ್ ಅನ್ನು.

ಗದ್ದೆ ಹತ್ರ ಹೋದಾಗ ಇನ್ನೊಂದು ಕೆಲಸ ಇದೆ, ಆ ಮನೆ ಹೆಂಗಸನ್ನೂ ಜೊತೆಗೆ ಕರ್ಕೊಂಡು ಹೋಗ್ಬೇಕು. ನಮ್ಮ ಫಾರಮ್ಮಿನಲ್ಲಿ ಮೊದಲನೇ ಪ್ರಶ್ನೇನೇ "ಇಷ್ಟು ವರ್ಷ ಜಮೀನು ನೋಡ್ಕೊಂಡವರು ಯಾರು" ಅಂತ. ಗಂಡ ಗಡೀಲಿದ್ದಾಗ ಯಾವ ತೂಬಿಂದ ಎಷ್ಟು ಹೊತ್ತಿಗೆ ನೀರು ಬರುತ್ತೆ, ನಾಲೆ ನೀರು ಬಿಡೋ ಯಾವ ಸೌಡಿಗೆ ಹೇಳಿದ್ರೆ ಕೆಲಸ ಆಗುತ್ತೆ, ಯಾವ ಪಾತಿ ಚೌಳು, ಯಾರ ಮನೆಗೆ ಮುಯ್ಯಾಳು (ಕೆಲಸಕ್ಕೆ ಪ್ರತಿಯಾಗಿ ಕೆಲಸ) ಬಾಕಿ ಇದೆ, ಯಾವ ವರ್ತಕ ತೂಕದಲ್ಲಿ ಹೊಡೀತಾನೆ, ಇದೆಲ್ಲ ಆಕೆ ತಲೇಲಿರುತ್ತೆ. ಅತ್ತೆ ಜೊತೆ ಬ್ಯಾಟರಿ ಹಿಡ್ಕೊಂಡು ರಾತ್ರಿ ನೀರು ಕಟ್ಟಿರ್ತಾಳೆ. ಅವನು ಬಂದ ತಕ್ಷಣ ಜಮೀನಿನ ಯಜಮಾನ ಅವನಾಗ್ತಾನೆ, ಇವಳು ಅಡುಗೆ ಮನೆಗೆ ಹೋಗ್ತಾಳೆ, ಜೊತೆಗೆ ಆ ವಿದ್ಯೆನೂ ಒಳಗೆ ಹೋಗ್ಬಿಡುತ್ತೆ. ನಾನೂ ಅದೇ ದಾರೀಲಿ ನಡೆದು ಬಂದೋಳು, ಎಷ್ಟು ನಷ್ಟ ಅಂತ ಗೊತ್ತು. ಆಫೀಸಿನವರು ಯಾರೇ ಬರ್ಲಿ ಗಂಡಸರ ಜೊತೆ ಮಾತಾಡಿ ಹೊರಟೋಗ್ತಾರೆ. ನಮ್ಮವರು ಹಂಗೆ ಮಾಡ್ಬಾರ್ದು. ಮಳವಳ್ಳಿ ಅಕ್ಕ ಬೋರ್ಡಲ್ಲಿ ಕೂತಿರೋದು ಈ ಕಾರಣಕ್ಕೇನೇ, ಸೈನಿಕನ ವಿಧವೆ, ವೀರನಾರಿ ಅಂತ ಶಾಲು ಹೊದಿಸಿ ಕೂರಿಸೋಕಲ್ಲ. ಅವರು ಬೇಡ ಅಂದಿದ್ದನ್ನ ಮೇಜರ್ ಮೇಡಂ ಆಗ್ಲಿ ಮೇಷ್ಟ್ರಾಗ್ಲಿ ನಾನಾಗ್ಲಿ ಎರಡು ಸಲ ಯೋಚನೆ ಮಾಡ್ಬೇಕು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸ್ತೀನಿ, ಆದ್ರೆ ಅರ್ಧ ಕಷ್ಟ ಇಲ್ಲೇ ಇರೋದು. ಬಹಳ ಮನೆಗಳಲ್ಲಿ ಪಹಣಿ ಇನ್ನೂ ಅಪ್ಪನ ಹೆಸರಲ್ಲೋ ತಾತನ ಹೆಸರಲ್ಲೋ ಇದೆ, ಪೌತಿ ಖಾತೆ, ಅಂದ್ರೆ ತೀರ್ಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬರೋದು, ಆಗಿರಲ್ಲ. ಖಾತೆ ಇಲ್ದಿದ್ರೆ ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಐಡಿಗೆ ಜಮೀನು ಸೇರಲ್ಲ, ಐಡಿ ಇಲ್ದಿದ್ರೆ ಬೆಂಬಲ ಬೆಲೆ ಕೇಂದ್ರದಲ್ಲಿ ರಾಗಿ ತಗೊಳಲ್ಲ. 2025-26ಕ್ಕೆ ರಾಗಿಗೆ ಕ್ವಿಂಟಾಲಿಗೆ 4,886 ರೂಪಾಯಿ ಬೆಂಬಲ ಬೆಲೆ ಇಟ್ಟಿದ್ರು, ಕಾಗದ ಇಲ್ಲ ಅಂತ ಎಷ್ಟೋ ಜನ ಅದಕ್ಕಿಂತ ಕಡಿಮೆಗೆ ಮನೆ ಬಾಗಿಲಲ್ಲೇ ಮಾರ್ಕೋತಾರೆ. ಆದ್ರಿಂದ ವಂಶವೃಕ್ಷ, ಮರಣ ಪತ್ರ, ಅಣ್ಣ ತಮ್ಮಂದಿರ ಒಪ್ಪಿಗೆ ಇವೆಲ್ಲ ಬೆಳೆಗಿಂತ ಮೊದಲು. ಪಿಎಂ ಕಿಸಾನ್ ಅರ್ಜಿ ಮಾತ್ರ ಕಣ್ಣು ಮುಚ್ಕೊಂಡು ಹಾಕ್ಸಬೇಡಿ, ತಿಂಗಳಿಗೆ 10,000 ಅಥವಾ ಮೇಲೆ ಪಿನ್ಶನ್ ಬರೋರು ಸಾಮಾನ್ಯವಾಗಿ ಅದರಿಂದ ಹೊರಗೆ, ಬಂದ ದುಡ್ಡು ವಾಪಸ್ ಕಟ್ಟೋ ಪರಿಸ್ಥಿತಿ ಬರುತ್ತೆ. ಇನ್ನೊಂದು, ನಮ್ಮ ರಾಜ್ಯದ ಭೂ ಸುಧಾರಣಾ ಕಾಯ್ದೇಲಿ 1974ರ ತಿದ್ದುಪಡಿ ಆದ್ಮೇಲೆ ಗೇಣಿಗೆ ಕೊಡೋದು ನಿಂತೋಯ್ತು, ಆದ್ರೆ ಸೈನಿಕರಿಗೆ ವಿನಾಯಿತಿ ಇದೆ, ಸರ್ವಿಸಲ್ಲಿದ್ದಾಗ ಗೇಣಿಗೆ ಕೊಟ್ಟ ಜಮೀನು ವಾಪಸ್ ಪಡೆಯೋಕೂ ಕಾಯ್ದೇಲೇ ದಾರಿ ಇದೆ. ಇದು ಬಹಳ ಜನ ಫೌಜಿಗಳಿಗೇ ಗೊತ್ತಿಲ್ಲ. ಬಾಯಿ ಮಾತಲ್ಲಿ ಕೊಟ್ಟು ವರ್ಷಾನುಗಟ್ಟಲೆ ಬಿಟ್ಟಿರ್ತಾರೆ, ಕೇಳೋಕೆ ಹೋದ್ರೆ ಜಗಳ. ಅಂಥ ಕೇಸ್ ಬಂದ್ರೆ ನಾವೇ ಪಂಚಾಯ್ತಿ ಮಾಡೋಕೆ ಹೋಗದೆ ಸೀದಾ ವಕೀಲರ ಹತ್ರ ಕಳಿಸಿ, ಅವಧಿ ಮೀರೋಕೆ ಬಿಡಬೇಡಿ.

ಬೆಳೆ ವಿಷಯಕ್ಕೆ ಬಂದ್ರೆ ಮೇಷ್ಟ್ರು ಬಂದಿರೋದು ನಮಗೆ ದೊಡ್ಡ ಬಲ. ನಾಲೆ ಬಯಲಿಗೆ ಬಂದೋರ ಬಾಯಲ್ಲಿ ಮೊದಲು ಬರೋದು ಕಬ್ಬು. ನಂದೇನೂ ಕಬ್ಬಿನ ಮೇಲೆ ದ್ವೇಷ ಇಲ್ಲ, ನಮ್ಮನೇಲೂ ಇದೆ. ಆದ್ರೆ ಕಲಿಯೋ ವರ್ಷಕ್ಕೆ ಅದು ಬೇಡ. ವರ್ಷಪೂರ್ತಿ ಗದ್ದೆ ಹಿಡ್ಕೊಳುತ್ತೆ, ಕಟಾವಿಗೆ ಸರದಿ ಕಾಯ್ಬೇಕು, ಕೂಲಿಯವರು ಸಿಗ್ಬೇಕು. 1966ರ ಕಬ್ಬು ನಿಯಂತ್ರಣ ಆದೇಶದಲ್ಲಿ ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡ್ಬೇಕು ಅಂತಿದೆ, ತಡ ಆದ್ರೆ ಬಡ್ಡಿನೂ ಇದೆ, ಆದ್ರೆ ಕಾಗದದಲ್ಲಿ ಇರೋದಕ್ಕೂ ಕೈಗೆ ಬರೋದಕ್ಕೂ ಎಷ್ಟು ದೂರ ಅಂತ ಬೆಳೆಗಾರರಿಗೆ ಗೊತ್ತು. ನೀರಿನ ಕಥೆ ಬೇರೆ. 2023ರಲ್ಲಿ ಮಳೆ ಕೈಕೊಡ್ತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ, ನಮ್ಮ ಮದ್ದೂರು ಮಳವಳ್ಳಿ ಕೊನೆ ಭಾಗದಲ್ಲಿ ನಿಂತ ಕಬ್ಬು ಒಣಗೋದನ್ನ ನೋಡ್ಕೊಂಡು ಕೂತಿದ್ವಿ. ಆ ವರ್ಷ ಹೊಸದಾಗಿ ಊರಿಗೆ ಬಂದಿದ್ದ ಒಬ್ಬ ಫೌಜಿ ಎಲ್ಲಾ ಜಮೀನಿಗೂ ಕಬ್ಬು ಹಾಕಿದ್ದ, ಮುಂದಿನ ವರ್ಷ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಹೋದ. ಇವತ್ತಿಗೂ ಅಲ್ಲೇ ಇದಾನೆ, ಗದ್ದೆ ಬೀಳು ಬಿದ್ದಿದೆ.

ರಾಗಿ ಆದ್ರೆ ನಾಲ್ಕು ತಿಂಗಳಲ್ಲಿ ಬಿತ್ತನೆಯಿಂದ ಕಣದವರೆಗೂ ಪೂರ್ತಿ ಒಂದು ಸುತ್ತು ಕಲೀಬಹುದು, ತಪ್ಪಿದ್ರೂ ನಷ್ಟ ಕಡಿಮೆ, ಹುಲ್ಲು ದನಕ್ಕಾಗುತ್ತೆ, ಕಾಳು ಮನೆಗಾಗುತ್ತೆ. ವಿಷಯ ಕೇಳೋಕೆ ದೂರ ಹೋಗ್ಬೇಕಾಗೂ ಇಲ್ಲ. ಆಫ್ರಿಕಾದ ರಾಗಿಗೂ ನಮ್ಮ ರಾಗಿಗೂ ಸಂಕರ ಮಾಡಿ ರಾಗಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನ ತಂದಿದ್ದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ. ಒಂದು ಕಾಲದಲ್ಲಿ ನಮ್ಮ ಅಜ್ಜಿ ಇಂಡಾಫ್ ಬಿಟ್ಟು ಬೇರೆ ಬೀಜ ಮುಟ್ತಿರ್ಲಿಲ್ಲ. ಈಗಿರೋ ತಳಿ ಬೇರೆ, ಆದ್ರೆ ಜಾಗ ಅದೇ, ಕೃಷಿ ವಿಜ್ಞಾನ ಕೇಂದ್ರನೂ ಅಲ್ಲೇ ಇದೆ. ಮೈಸೂರು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಸಾವಯವ ಬೇಕು ಅನ್ನೋರಿಗೆ ನಾಗನಹಳ್ಳಿಯ ಸಾವಯವ ಕೃಷಿ ಕೇಂದ್ರ. ಮೇಷ್ಟ್ರೇ, ನಿಮ್ಮಿಂದ ನಾವು ಲೆಕ್ಚರ್ ಕೇಳಲ್ಲ, ತಿಂಗಳಿಗೊಂದು ಸಲ ಯಾರಾದ್ರೂ ಒಬ್ರ ಹೊಲದಲ್ಲಿ ನಿಂತು ಮಾತಾಡಿ ಸಾಕು. ಫೌಜಿಗಳಿಗೆ ಒಂದು ಒಳ್ಳೆ ಅಭ್ಯಾಸ ಇದೆ, ಹೇಳಿದ್ದನ್ನ ಡೈರೀಲಿ ಬರ್ಕೊತಾರೆ, ತಾರೀಖು ಹಾಕಿ ಬರ್ಕೊತಾರೆ. ಯಾವತ್ತು ಗೊಬ್ಬರ ಕೊಟ್ಟೆ, ಯಾವತ್ತು ಕಳೆ ತೆಗೆಸಿದೆ, ಎಷ್ಟಾಯ್ತು, ಎಲ್ಲಾ ಸಿಗುತ್ತೆ. ನಮ್ಮ ಊರಲ್ಲಿ ಇಷ್ಟು ಲೆಕ್ಕ ಇಡೋ ರೈತರು ಬೇರೆ ಯಾರಿದಾರೆ ಹೇಳಿ.

ಸಿಆರ್‌ಪಿಎಫ್, ಬಿಎಸ್‌ಎಫ್‌ನವರನ್ನ ಸೇರಿಸ್ಕೋತೀರಾ ಅಂತ ಸ್ವಾಗತದ ದಿನ ಒಬ್ರು ಕೇಳಿದ್ರು. ಸೇರಿಸ್ಕೋತೀವಿ. ಸರ್ಕಾರದ ಲೆಕ್ಕದಲ್ಲಿ ಅವರು ಮಾಜಿ ಸೈನಿಕರಲ್ಲ, ಇಸಿಎಚ್‌ಎಸ್ ಅನ್ನೋ ಚಿಕಿತ್ಸೆ ಕಾರ್ಡಿಲ್ಲ, 2004ರಿಂದೀಚೆಗೆ ಸೇರಿದವರಿಗೆ ಸಂಬಳದಿಂದ ಕಟ್ಕೊಂಡು ಹೋಗೋ ಪಿನ್ಶನ್, ಅಂದ್ರೆ ಎನ್‌ಪಿಎಸ್, ಹಂಗಾಗಿ ದುಡ್ಡಿನ ಲೆಕ್ಕಾನೇ ಬೇರೆ ಹಾಕ್ಬೇಕು. ಆದ್ರೆ 2019ರ ಫೆಬ್ರವರಿ 14ಕ್ಕೆ ಪುಲ್ವಾಮಾದಲ್ಲಿ ಪ್ರಾಣ ಕೊಟ್ಟ ಗುಡಿಗೆರೆಯ ಗುರು ನಮ್ಮ ಮದ್ದೂರು ತಾಲ್ಲೂಕಿನವರು, ಸಿಆರ್‌ಪಿಎಫ್‌ನವರು. ಅವತ್ತು ಈ ಸೀಮೆ ಜನ ಹೆಂಗೆ ಸೇರಿದ್ರು ಅಂತ ಕಣ್ಣಾರೆ ನೋಡಿದ ನಾವು, ನೀವು ಬೇರೆ ಅವರು ಬೇರೆ ಅಂತ ಬಾಗಿಲಲ್ಲಿ ನಿಲ್ಲಿಸೋಕೆ ಆಗಲ್ಲ.

ಮೇಜರ್ ಮೇಡಂಗೆ ಕೊಟ್ಟಿರೋ ಕೆಲಸ ಎಲ್ಲಕ್ಕಿಂತ ಸೂಕ್ಷ್ಮ. ಕೆಲವರಿಗೆ ರಾತ್ರಿ ನಿದ್ದೆ ಬರಲ್ಲ, ಸಣ್ಣ ಸದ್ದಿಗೆ ಎದ್ದು ಕೂರ್ತಾರೆ, ಯಾರ ಜೊತೆಗೂ ಸೇರಲ್ಲ, ಕುಡಿತ ಜಾಸ್ತಿ ಆಗುತ್ತೆ. ಹೊಲದ ಕೆಲಸ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾವು ಯಾರಿಗೂ ಹೇಳ್ಬಾರ್ದು, ಕೆಲವರಿಗೆ ಹಗುರ ಆಗುತ್ತೆ ನಿಜ, ಆದ್ರೆ ಡಾಕ್ಟರ್ ಬೇಕಾದವರಿಗೆ ಡಾಕ್ಟರೇ ಬೇಕು. 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್‌ನವರು ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಫೀಲ್ಡಿಗೆ ಹೋಗೋ ಎಲ್ರ ಮೊಬೈಲಲ್ಲೂ ಈ ನಂಬರ್ ಇರ್ಲಿ. ಆಮೇಲೆ ಬೆಳೆಗೆ ಹೊಡೆಯೋ ಔಷಧಿ ಯಾವ ಮನೇಲೂ ಮಂಚದ ಕೆಳಗೆ, ಅಟ್ಟದ ಮೇಲೆ ಇರ್ಬಾರ್ದು, ನಾಯಕ್ ಸಾಹೇಬ್ರು ಟ್ರಸ್ಟಿನ ಗೋಡೌನಲ್ಲೇ ಬೀಗ ಹಾಕಿ ಇಟ್ಟು ಬೇಕಾದ ದಿನ ಬೇಕಾದಷ್ಟೇ ಕೊಡೋ ವ್ಯವಸ್ಥೆ ಮಾಡ್ತಿದಾರೆ. ಈ ಕೆಲಸದಲ್ಲಿ ಅವರಿಗೆ ಎಲ್ರೂ ಸಹಕಾರ ಕೊಡಿ.

ಬೋರ್ಡಿನವರಿಗೆ ಎರಡು ವಿಷಯ. ಒಂದು, ನಮ್ಮ ಅಣ್ಣನ ಅಂಗಡೀಲಿ ಗೊಬ್ಬರ ತಗೊಳ್ಳಿ, ನಮ್ಮ ಹುಡುಗನ ಗಾಡಿ ಬಾಡಿಗೆಗೆ ಇಟ್ಕೊಳ್ಳಿ ಅನ್ನೋ ಮಾತು ಯಾರ ಬಾಯಲ್ಲೂ ಬರ್ಬಾರ್ದು. ಟ್ರಸ್ಟಿನ ದುಡ್ಡು ಟ್ರಸ್ಟಿಗಳ ಮನೆಯವರ ಕಡೆ ಹರಿದ್ರೆ ತೆರಿಗೆ ವಿನಾಯಿತಿಗೇ ಕುತ್ತು, ಅದಕ್ಕಿಂತ ಹೆಚ್ಚು ಊರಲ್ಲಿ ನಂಬಿಕೆ ಹೋಗುತ್ತೆ. ಎರಡನೇದು, ಬೆಲ್ಲಕ್ಕೂ ಅಕ್ಕಿಗೂ ಸೈನಿಕರು ಬೆಳೆದಿದ್ದು ಅಂತ ಲೇಬಲ್ ಹಾಕಿ ಬೆಂಗಳೂರಲ್ಲಿ ಮಾರೋಣ ಅನ್ನೋ ಮಾತು. ಅಮೆರಿಕದಲ್ಲಿ ಫಾರ್ಮರ್ ವೆಟರನ್ ಕೊಯಲಿಷನ್ ಅಂತ ಒಂದು ಸಂಸ್ಥೆ ಹೋಮ್‌ಗ್ರೋನ್ ಬೈ ಹೀರೋಸ್ ಅನ್ನೋ ಲೇಬಲ್ ನಡೆಸುತ್ತೆ, ಅಲ್ಲಿ ಚೆನ್ನಾಗೇ ನಡೀತಿದೆ, ಆ ಯೋಚನೆ ನಂಗೂ ಇಷ್ಟ. ಆದ್ರೆ ಮೊದಲು ನಮ್ಮ ಆಲೆಮನೆ ಬೆಲ್ಲಕ್ಕೆ ಯಾವ ರಾಸಾಯನಿಕನೂ ಬೀಳದೆ ಒಂದೇ ಗುಣಮಟ್ಟ ಬರ್ಲಿ, ಬ್ಯಾಚಿಗೆ ಬ್ಯಾಚು ಒಂದೇ ಥರ ಇರ್ಲಿ. ಸಮವಸ್ತ್ರದ ಮೇಲಿನ ಗೌರವಕ್ಕೆ ಜನ ಒಂದು ಸಲ ತಗೋತಾರೆ, ಎರಡನೇ ಸಲ ರುಚಿ ನೋಡೇ ತಗೊಳೋದು.

ಮುಂದಿನ ಮೀಟಿಂಗಲ್ಲಿ ಮೊದಲನೇ ವಿಷಯವಾಗಿ ನಾನು ಇಡೋದು ಬೀಜದ ದುಡ್ಡು. ಗಂಟಿಗೆ ಕೈ ಹಾಕ್ಬೇಡ ಅಂತ ನಾವು ಹೇಳ್ತೀವಿ ಅಂದ್ಮೇಲೆ ಮೊದಲ ಬೆಳೆಗೆ ಬೀಜ, ಗೊಬ್ಬರ, ಉಳುಮೆ, ಕೂಲಿ ಇಷ್ಟಕ್ಕೆ ಬಡ್ಡಿ ಇಲ್ದೆ ಒಂದಿಷ್ಟು ಟ್ರಸ್ಟಿಂದ ಕೊಟ್ಟು, ಬೆಳೆ ಮಾರಿದ್ಮೇಲೆ ವಾಪಸ್ ತಗೊಳ್ಳೋ ವ್ಯವಸ್ಥೆ ಬೇಕು. ಇಲ್ದಿದ್ರೆ ಎಫ್‌ಡಿ ಮುರೀಲೇ ಬೇಕಾಗುತ್ತೆ, ಒಂದು ಸಲ ಮುರಿದ್ರೆ ಆಮೇಲೆ ಅದು ನಿಲ್ಲಲ್ಲ. ಎಷ್ಟು ಕೊಡ್ಬೇಕು, ಬೆಳೆ ಹೋದ್ರೆ ಏನು ಮಾಡ್ಬೇಕು, ಹೆಂಡತಿ ಸಹಿನೂ ಇರ್ಬೇಕಾ ಅಂತ ಹೊಸ ಮೂವರೂ ಯೋಚನೆ ಮಾಡ್ಕೊಂಡು ಬನ್ನಿ. ಇರ್ಲೇಬೇಕು ಅಂತ ನನ್ನ ಅಭಿಪ್ರಾಯ.

ಮೀಟಿಂಗು ಭಾನುವಾರ, ಆಫೀಸಲ್ಲಲ್ಲ, ಮಳವಳ್ಳಿ ಅಕ್ಕನ ಹೊಲದ ಹತ್ರ. ಬೆಳಿಗ್ಗೆ ಬಿಸಿಲೇರೋ ಮುಂಚೆ ಹೊಲ ಸುತ್ತಿ ಆಮೇಲೆ ಮಾತು. ಮೈಸೂರಿಂದ ಬರೋರು ಬನ್ನೂರು ಮೇಲೆ ಬನ್ನಿ, ಹತ್ರ ಆಗುತ್ತೆ. ಎಷ್ಟು ಜನ ಅಂತ ಶುಕ್ರವಾರದೊಳಗೆ ಲೆಕ್ಕದ ತಮ್ಮನಿಗೆ ಫೋನ್ ಮಾಡ್ಬಿಡಿ, ಮುದ್ದೆಗೆ ಹಿಟ್ಟು ಬೀಸಿಸ್ಬೇಕು.